ಇಳಿಯೋ ಗುಡಿ, ಹತ್ತೋ ಗುಡಿ

ಚಿತ್ರವನ್ನು ಎರಡು ನಿಮಿಷ ನೋಡಿದ ಲಾರಿ ಡ್ರೈವರ್ ಕೇಳಿದ್ದು ಒಂದೇ ಮಾತು. “ಅಣ್ಣಾ, ಇದು ಇಳಿಯೋವಾಗ್ಲೋ, ಹತ್ತೋವಾಗ್ಲೋ?”

ಚಿತ್ರದಲ್ಲಿ ಗಾಡಿಯೇ ಇರಲಿಲ್ಲ. ಘಾಟಿ ರಸ್ತೆಯ ಒಂದು ತಿರುವು, ಒಂದು ಬಸರಿ ಮರ, ಅದರ ಬುಡದಲ್ಲಿ ಚೌಡಮ್ಮನ ಗುಡಿ, ಹಿಂದೆ ಮಂಜು. ಹದಿನೈದು ದಿನ ಅದರ ಮೇಲೆ ಒದ್ದಾಡಿದ್ದೆ. ಮಂಜು ಚೆನ್ನಾಗಿ ಬಂದಿದೆ ಅಂತಾನೋ, ಬಣ್ಣ ಚೆನ್ನಾಗಿದೆ ಅಂತಾನೋ ಎಂದು ಕಾಯುತ್ತಾ ನಿಂತಿದ್ದೆ.

“ಎರಡೂ ಅಲ್ಲಪ್ಪ. ಸುಮ್ನೆ ಗುಡಿ” ಅಂದೆ.

“ಸುಮ್ನೆ ಗುಡಿ ಅಂತ ಎಲ್ಲಿರುತ್ತೆ?” ಅಂದವನೇ ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದ. ಬಂದದ್ದು ನಂಬರ್ ಪ್ಲೇಟ್ ಬರೆಸಲು. ಚಿತ್ರ ಒಣಗಲೆಂದು ಅಲ್ಲಿ ಒರಗಿಸಿಟ್ಟಿದ್ದೆ, ಅವನ ಕಣ್ಣಿಗೆ ಬಿತ್ತು, ಅಷ್ಟೇ. ನನಗೆ ಸಿಟ್ಟು ಬಂತು. ಪ್ಲೇಟಿನ ಮೇಲೆ ಎಂಟು ಬರೆಯುವಾಗ ಕೈ ನಡುಗಿ ಅಳಿಸಿ ಮತ್ತೆ ಬರೆದೆ.

ನಾನು ಸಕಲೇಶಪುರದಲ್ಲಿ ಬೋರ್ಡ್ ಬರೆಯುವವನು. ಈಗ ಆ ಕೆಲಸ ಹೆಚ್ಚು ಉಳಿದಿಲ್ಲ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು, ಚುನಾವಣೆಯ ಗೋಡೆ ಬರಹ ಎಲ್ಲ ಹೋಯಿತು. ಲಾರಿಗಳು ಮಾತ್ರ ಕೈಬಿಡಲಿಲ್ಲ. ಹಣೆಯ ಮೇಲೆ ಮನೆದೇವರ ಹೆಸರು, ಹಿಂದಿನ ಡೋರ್ ಮೇಲೆ ‘ಸೌಂಡ್ ಹಾರ್ನ್’, ಪಕ್ಕದಲ್ಲಿ ಗುಡ್ಡದ ಸಂದಿಯಲ್ಲಿ ಮುಳುಗುವ ಸೂರ್ಯ, ಎರಡು ತೆಂಗಿನ ಮರ, ಒಂದು ದೋಣಿ. ಆ ದೋಣಿಯನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದೆಲ್ಲ ಎನಾಮಲ್. ಜಲವರ್ಣಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ, ಕೆಲಸ ಕಡಿಮೆಯಾಗಿ ಮಧ್ಯಾಹ್ನಗಳು ಖಾಲಿ ಬಿದ್ದಾಗ.

ಆ ಗುಡಿ ಇರುವುದು ದೋಣಿಗಾಲ್ ದಾಟಿ ಮಾರನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ. ಯಾವ ತಿರುವು ಅಂತ ಹೇಳುವುದಿಲ್ಲ. ಹೇಳಿದರೆ ಫೋಟೊ ತೆಗೆಯಲು ಕಾರು ನಿಲ್ಲಿಸುವವರು ಜಾಸ್ತಿಯಾಗುತ್ತಾರೆ, ಅದು ಕಾರು ನಿಲ್ಲಿಸುವ ಜಾಗವಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ. ಈಗ ಅದರ ನಂಬರ್ 75, ಹಳೆ ಡ್ರೈವರ್‌ಗಳ ಬಾಯಲ್ಲಿ ಇನ್ನೂ 48. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಶಿರಾಡಿ ಘಾಟಿ ಆ ಎತ್ತರವನ್ನೆಲ್ಲ ಒಂದೇ ಉಸಿರಿಗೆ ಇಳಿಸಿ ಗುಂಡ್ಯದ ಹತ್ತಿರ ಬಿಡುತ್ತದೆ.

ಗುಡಿ ಅಂದರೆ ದೊಡ್ಡದೇನಲ್ಲ, ಸೊಂಟದೆತ್ತರ. ಒಳಗೆ ಮೂರು ಕಲ್ಲು, ನಡುವಿನದು ಅಮ್ಮ. ಮೊದಲು ಬರೀ ಕಲ್ಲುಗಳೇ ಇದ್ದವು. ಆಮೇಲೆ ಹರಕೆ ಹೊತ್ತ ಯಾರೋ ಗೋಡೆ ಕಟ್ಟಿಸಿದರು. ಇನ್ಯಾರೋ ತಗಡು ಹೊದಿಸಿದರು. ಮತ್ಯಾರೋ ಬಚ್ಚಲುಮನೆಗೆ ಹಾಕುವಂಥ ಬಿಳಿ ಟೈಲ್ಸ್ ಅಂಟಿಸಿದರು. ತುಕ್ಕು ಹಿಡಿದ ಒಂದು ತ್ರಿಶೂಲ, ಒಂದು ಗಂಟೆ, ಬೀಗ ಹಾಕಿದ ಕಬ್ಬಿಣದ ಹುಂಡಿ. ಮುಂದೆ ತೆಂಗಿನಕಾಯಿ ಒಡೆಯುವ ಕಲ್ಲು. ರಸ್ತೆಯಂಚಿನಲ್ಲಿ ಯಾವಾಗ ನೋಡಿದರೂ ಟೈರಿಗೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು.

ಹಾಸನ ಜಿಲ್ಲೆಯಲ್ಲಿ ಬ್ರಷ್ ಹಿಡಿದವನಿಗೆ ಎಲ್ಲರೂ ಹೇಳುವುದು ಒಂದೇ, ಬೇಲೂರು ಬರಿ, ಹಳೇಬೀಡು ಬರಿ. 2023ರಲ್ಲಿ ಅವು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ. ನಾನೂ ಬರೆದಿದ್ದೇನೆ, ಮಾರಿಯೂ ಇದ್ದೇನೆ. ಆದರೆ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದವರ ಕಾಲದ ಶಿಲ್ಪಿಗಳು ನಮಗೆ ಮಾಡಲು ಏನೂ ಬಿಟ್ಟಿಲ್ಲ. ಬಳೆಯ ಗೀರಿನ ತನಕ ಎಲ್ಲ ಮುಗಿಸಿಟ್ಟಿದ್ದಾರೆ. ಟೈಲ್ಸ್ ಅಂಟಿಸಿದ ಚೌಡಮ್ಮನ ಗುಡಿ ಹಾಗಲ್ಲ. ಪ್ರತಿ ವರ್ಷ ಯಾರೋ ಏನೋ ಸೇರಿಸುತ್ತಾರೆ, ಪ್ರತಿ ಮಳೆಗಾಲ ಏನೋ ಒಂದು ಉದುರುತ್ತದೆ.

ಇದು ಜನರಿಗೆ ಹೇಳುವ ಕಾರಣ. ನಿಜವಾದ ಕಾರಣ ಬೇರೆ.

ಒಂದು ಮಳೆಗಾಲದಲ್ಲಿ ನಾನೇ ಬರೆದ ಲಾರಿಯೊಂದು ಗುಡಿ ದಾಟಿದ ಮುಂದಿನ ತಿರುವಿನಲ್ಲಿ ಕೆಳಗೆ ಹೋಯಿತು. ಕ್ರೇನ್ ಎಳೆಯುವಾಗ ನೋಡಲು ನಿಂತವರಲ್ಲಿ ನಾನೂ ಇದ್ದೆ. ಯಾರ ಗಾಡಿ ಅಂತ ಗೊತ್ತಿರಲಿಲ್ಲ. ಹಿಂದಿನ ಡೋರ್ ತಲೆಕೆಳಗಾಗಿ ಮೇಲೆ ಬಂತು. ‘ಮತ್ತೆ ಸಿಗೋಣ’. ‘ಗೋ’ ಅಕ್ಷರದ ದೀರ್ಘವನ್ನು ನಾನು ಕೊಂಚ ಉದ್ದ ಎಳೆಯುತ್ತೇನೆ, ಕೊನೆಯಲ್ಲಿ ಒಂದು ಸುರುಳಿ. ತಲೆಕೆಳಗಾಗಿದ್ದರೂ ನನ್ನ ಕೈ ನನಗೆ ಗೊತ್ತಾಗುವುದಿಲ್ಲವೇ? ಡ್ರೈವರ್ ಬದುಕಿದ. ಕ್ಲೀನರ್ ಹುಡುಗ ಉಳಿಯಲಿಲ್ಲ. ಆ ಅಕ್ಷರ ಬರೆದ ದಿನ ಹಳದಿ ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ಅವನೇ.

ನಾನು ದೊಡ್ಡ ಭಕ್ತನೇನಲ್ಲ. ಆದರೆ ಅಂದಿನಿಂದ ಬಸ್ಸು ಆ ಗುಡಿ ದಾಟುವಾಗ ಕೈ ತಾನಾಗಿ ಎದೆಗೆ ಹೋಗುತ್ತದೆ. ಬರೆಯಬೇಕು ಅನ್ನಿಸಿದ್ದೂ ಆಮೇಲೆಯೇ.

ಮೊದಲನೇ ಚಿತ್ರ ಕೆಟ್ಟದ್ದು ಕಾಗದದಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಲೆನಾಡಿನಲ್ಲಿ ಜಲವರ್ಣ ಮಾಡುವವರಿಗೆ ಉಪಯೋಗವಾದೀತು. ಜಲವರ್ಣದ ಕಾಗದಕ್ಕೆ ಅಂಟಿನ ಲೇಪ ಇರುತ್ತದೆ, ಸೈಸಿಂಗ್ ಅಂತಾರೆ. ಅದು ಇರುವುದರಿಂದಲೇ ಬಣ್ಣ ಕಾಗದದ ಮೇಲೆ ನಿಂತು ನಿಧಾನವಾಗಿ ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಕಾಗದ ಬಿಡುತ್ತದೆಯೇ? ಲೇಪ ಅಲ್ಲಲ್ಲಿ ಸತ್ತುಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬ್ರಷ್ ಇಟ್ಟಾಗ ಮಾತ್ರ ಗೊತ್ತಾಗುತ್ತದೆ, ಬಣ್ಣ ಬ್ಲಾಟಿಂಗ್ ಪೇಪರಿಗೆ ಬಿದ್ದ ಶಾಯಿಯ ಹಾಗೆ ಒಳಗೆ ಇಳಿದು ಮಚ್ಚೆಯಾಗುತ್ತದೆ. ನನ್ನ ಮೊದಲ ಆಕಾಶದ ತುಂಬ ಮಚ್ಚೆ. ಈಗ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಪರಿಚಯದ ಅಂಗಡಿಯಿಂದ ಕೇಳಿ ತಂದು ಅದರಲ್ಲಿ ಹಾಕುತ್ತೇನೆ. ಬರೆಯುವ ಮುಂಚೆ ಹಾಳೆಯ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡುತ್ತೇನೆ. ಹನಿ ನಿಂತರೆ ಸರಿ.

ಹಾಳೆ 300 ಜಿಎಸ್‌ಎಂ ಇರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ, ಪೂರ್ತಿ ಹತ್ತಿಯದಾದರೆ ಒಳ್ಳೆಯದು. ದುಬಾರಿ, ಗೊತ್ತು. ಆದರೆ ಮಂಜು ಬರೆಯಬೇಕು ಅಂದರೆ ಹಾಳೆ ಹೊತ್ತು ಹೊತ್ತು ಒದ್ದೆಯಾಗಿರಬೇಕು. ತೆಳು ಹಾಳೆ ಹಪ್ಪಳದ ಹಾಗೆ ಎದ್ದುಬಿಡುತ್ತದೆ.

ಮಂಜಿನ ವಿಷಯಕ್ಕೆ ಬರೋಣ. ಎನಾಮಲ್ ಕೆಲಸದವನಿಗೆ ಮಂಜು ಅಂದರೆ ಬಿಳಿ ಬಣ್ಣ. ಕಪ್ಪು ಗುಡ್ಡ ಬರೆದು ಅದರ ಮೇಲೆ ಬಿಳಿ ಎಳೆದರೆ ಆಯಿತು. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದ. ಮಂಜನ್ನು ಬರೆಯುವುದಲ್ಲ, ಬಿಡುವುದು. ಇದನ್ನು ಬಾಯಲ್ಲಿ ಹೇಳುವುದು ಸುಲಭ, ನನ್ನ ಕೈ ಕಲಿಯಲು ಎರಡು ವರ್ಷ ಹಿಡಿಯಿತು. ಬೆಂಗಳೂರಿಗೆ ಹೋಗಿದ್ದಾಗ ಹಳೆ ಮೈಸೂರಿನ ಹೆಸರಾಂತ ಚಿತ್ರಗಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಒಂದು ಮಧ್ಯಾಹ್ನ ನಿಂತಿದ್ದೆ. ಅವರ ಬೆಟ್ಟ ನೋಡಿದ ಮೇಲೆ ನನ್ನ ಮಂಜು ಹತ್ತಿ ಅಂಟಿಸಿದ ಹಾಗಿದೆ ಅಂತ ನಾಚಿಕೆಯಾಯಿತು.

ನಾನೀಗ ಮಾಡುವುದು ಹೀಗೆ. ಹಾಳೆಯ ಎರಡೂ ಬದಿ ಒದ್ದೆ ಮಾಡುತ್ತೇನೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸಿದರೆ ಒಳ್ಳೆ ಬೂದು ಸಿಗುತ್ತದೆ. ಅದನ್ನು ನೀರು ನೀರಾಗಿ ಮೇಲಿಂದ ಬಿಟ್ಟು, ಗುಡಿಯ ಹಿಂದೆ ಬರುವಾಗ ಬರೀ ನೀರು. ಆಮೇಲೆ ಕಾಯಬೇಕು. ಹಾಳೆಯ ಹೊಳಪು ಹೋಗಿ ತೇವ ಉಳಿದಿರುವ ಒಂದು ಗಳಿಗೆ ಇದೆ. ಹಿಂದಿನ ಮರಗಳನ್ನು ಆಗ ಇಡಬೇಕು, ದಪ್ಪ ಬಣ್ಣದಲ್ಲಿ. ಮೊದಲೇ ಇಟ್ಟರೆ ಹರಿದು ಹೋಗುತ್ತವೆ, ತಡವಾದರೆ ಹೂಕೋಸಿನಂತೆ ಕಲೆ ಏಳುತ್ತದೆ. ಹಾಸನದ ಬೇಸಿಗೆಯಲ್ಲಿ ಆ ಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ನಮ್ಮ ಆಗಸ್ಟ್‌ನಲ್ಲಿ ಒಂದು ಲೋಟ ಕಾಫಿ ಮಾಡಿ ಕುಡಿದು ಬಂದರೂ ಹಾಳೆ ಹಾಗೇ ಮಿನುಗುತ್ತಿರುತ್ತದೆ. ಹೇರ್ ಡ್ರೈಯರ್ ಹಿಡಿಯೋಣ ಅಂದರೆ ಮಳೆಗಾಲದಲ್ಲಿ ಕರೆಂಟ್ ಎಲ್ಲಿರುತ್ತದೆ?

ಎರಡನೇ ಚಿತ್ರ ಚೆನ್ನಾಗಿಯೇ ಬಂತು. ಒಂದು ಹೋಟೆಲಿನವರು ತೆಗೆದುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಹಾಕಿದರು. ಬೆಳಗಿನ ಬಿಸಿಲು ನೇರ ಬೀಳುವ ಗೋಡೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಯಜಮಾನರು ಕರೆದರು. “ನೋಡು ಮಾರಾಯ, ಅಮ್ಮ ಎದ್ದು ಹೋಗಿದ್ದಾಳೆ.” ನಿಜ. ಮರ ಇತ್ತು, ರಸ್ತೆ ಇತ್ತು, ಕಲ್ಲಿನ ಮೇಲಿನ ಕುಂಕುಮ ಮಾತ್ರ ಮಸುಕು ಗುಲಾಬಿಯಾಗಿ ಹೆಚ್ಚುಕಡಿಮೆ ಮಾಯ. ನಾನು ಬಳಸಿದ್ದು ಅಲಿಜರಿನ್ ಕ್ರಿಮ್ಸನ್. ನೋಡಲು ರಕ್ತದಂಥ ಚೆಂದದ ಕೆಂಪು, ಬೆಳಕಿಗೆ ನಿಲ್ಲುವುದಿಲ್ಲ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬಣ್ಣದ ಪುಡಿಯ ಗುರುತು ಪಿಆರ್ 83 ಅಂತ ಇದ್ದರೆ ಅದೇ. ಈಗ ಕ್ಯಾಡ್ಮಿಯಂ ಕೆಂಪು ಅಥವಾ ಪೈರೋಲ್ ಕೆಂಪು ತೆಗೆದುಕೊಳ್ಳುತ್ತೇನೆ. ಹೋಟೆಲಿನವರಿಗೆ ಬೇರೆ ಚಿತ್ರ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ದೇವರೇ ಅಳಿಸಿಹೋದ ಚಿತ್ರಕ್ಕೆ ಇನ್ನೇನು ಹೇಳುವುದು?

ಆ ಪೆಟ್ಟು ಬಿದ್ದ ಮೇಲೆ ಕುಂಕುಮವನ್ನು ಸರಿಯಾಗಿ ನೋಡಲು ಶುರು ಮಾಡಿದೆ. ಕಲ್ಲಿನ ಮೇಲಿರುವುದು ಒಂದು ಕೆಂಪಲ್ಲ. ತಳದಲ್ಲಿ ಎಣ್ಣೆ, ಕರ್ಪೂರದ ಮಸಿ, ಎಷ್ಟೋ ವರ್ಷದ ಕುಂಕುಮ ಸೇರಿ ಗಟ್ಟಿಯಾದ ಕಪ್ಪು. ಅದರ ಮೇಲೆ ಮಳೆ ತೊಳೆದು ಬಿಟ್ಟ ಇಟ್ಟಿಗೆ ಬಣ್ಣ. ಎಲ್ಲಕ್ಕಿಂತ ಮೇಲೆ ಇವತ್ತು ಬೆಳಿಗ್ಗೆ ಯಾರೋ ಬೆರಳಲ್ಲಿ ಒತ್ತಿದ ಹೊಸ ಬೊಟ್ಟು. ಅಂಚಿನಲ್ಲಿ ಅರಿಶಿನ. ಹಳೆ ಪದ್ಧತಿಯ ಕುಂಕುಮವನ್ನು ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಮಾಡುವುದು, ಸುಣ್ಣ ತಾಕಿದರೆ ಹಳದಿ ಕೆಂಪಾಗುತ್ತದೆ. ಹಾಗಾಗಿ ಆ ಎರಡು ಬಣ್ಣ ಪಕ್ಕಪಕ್ಕದಲ್ಲಿ ಒಂದೇ ಮನೆಯವರಂತೆ ಕಾಣುತ್ತವೆ. ನಾನೂ ಈಗ ಅದೇ ಕ್ರಮದಲ್ಲಿ ಹೋಗುತ್ತೇನೆ. ಮೊದಲು ಕಪ್ಪುಗೆಂಪು, ಒಣಗಿದ ಮೇಲೆ ಇಟ್ಟಿಗೆ ಕೆಂಪು, ಕೊನೆಗೆ ಒಂದೇ ಒಂದು ಹಸಿ ಬೊಟ್ಟು. ಆ ಕೊನೆಯ ಬೊಟ್ಟನ್ನು ಬ್ರಷ್‌ನಲ್ಲಿ ಇಡುವುದಿಲ್ಲ, ಉಂಗುರ ಬೆರಳಿನಲ್ಲಿ ಒತ್ತುತ್ತೇನೆ. ಇದರಲ್ಲಿ ಭಕ್ತಿಯೇನೂ ಇಲ್ಲ, ಬ್ರಷ್‌ನಲ್ಲಿ ಇಟ್ಟರೆ ಅದು ಹೂವಿನ ಎಸಳಿನ ಹಾಗೆ ಕಾಣುತ್ತದೆ.

2018ರಲ್ಲಿ ಕಾಂಕ್ರೀಟ್ ರಸ್ತೆಯ ಕೆಲಸಕ್ಕೆಂದು ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ದೂರದ ಗಾಡಿಗಳೆಲ್ಲ ಚಾರ್ಮಾಡಿ ಮತ್ತಿತರ ದಾರಿ ಹಿಡಿದವು. ನನಗೆ ಹಬ್ಬ. ಸ್ಕೂಟರ್‌ನಲ್ಲಿ ಹೋಗಿ, ಹೆದ್ದಾರಿಯ ಅಂಚಿನಲ್ಲಿ ಸ್ಟೂಲ್ ಹಾಕಿಕೊಂಡು, ಯಾವ ಹಾರ್ನ್ ಕಾಟವೂ ಇಲ್ಲದೆ ಗುಡಿಯನ್ನು ಬರೆದೆ. ಗಂಟೆಯ ಎತ್ತರ ಎಷ್ಟು, ತಗಡು ಎಷ್ಟು ವಾಲಿದೆ, ಬಸರಿಯ ಬೇರು ಗೋಡೆಯನ್ನು ಎಲ್ಲಿ ಸೀಳಿದೆ, ಎಲ್ಲ ಪೆನ್ಸಿಲಿನಲ್ಲಿ ಅಳತೆ ಹಿಡಿದು ಬರೆದೆ. ಅಷ್ಟು ಕರಾರುವಾಕ್ಕಾದ ಚಿತ್ರ ನಾನು ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡಲಾರೆ. ಮನೆಗೆ ತಂದು ಬಣ್ಣ ಹಾಕಿ ಗೋಡೆಗೆ ಒರಗಿಸಿದರೆ ಜೀವವೇ ಇಲ್ಲ. ಮೂರು ಕಲ್ಲು, ಒಂದು ತಗಡು. ಬಚ್ಚಲುಮನೆ ಟೈಲ್ಸ್ ಬೇರೆ ಎದ್ದು ಕಾಣುತ್ತಿತ್ತು. ಆ ದಿನಗಳಲ್ಲಿ ಅಲ್ಲಿ ನಿಂಬೆಹಣ್ಣೂ ಇರಲಿಲ್ಲ, ಊದುಬತ್ತಿಯ ವಾಸನೆಯೂ ಇರಲಿಲ್ಲ. ಒಬ್ಬ ಅಜ್ಜಿ ಮಾತ್ರ ಸಂಜೆ ಬಂದು ದೀಪ ಹಚ್ಚಿ ಹೋಗುತ್ತಿತ್ತು. ಚಿತ್ರ ಯಾಕೆ ಸತ್ತಿದೆ ಅಂತ ಆಗ ನನಗೆ ಹೊಳೆಯಲಿಲ್ಲ. ಬಣ್ಣ ಬದಲಾಯಿಸಿ ನೋಡಿದೆ.

ಬೆಳಕು ಬದಲಾಯಿಸಿದರೆ ಸರಿಹೋದೀತು ಅಂತ ಒಂದು ಸಂಜೆ ಕತ್ತಲಾಗುವ ತನಕ ಅಲ್ಲೇ ಕೂತೆ. ಆಗ ಕಂಡದ್ದು ವಿಚಿತ್ರ. ಬೆಳಕು ಕಡಿಮೆಯಾದ ಹಾಗೆ ಮೊದಲು ಹೋದದ್ದು ಕೆಂಪು. ಹಗಲಲ್ಲಿ ಫರ್ಲಾಂಗ್ ದೂರದಿಂದ ಕಣ್ಣಿಗೆ ಹೊಡೆಯುವ ಕುಂಕುಮ ಕಪ್ಪಾಗಿಹೋಯಿತು. ಸುತ್ತಲಿನ ಎಲೆ, ಹುಲ್ಲು ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿದ್ದವು. ನನ್ನ ಕಣ್ಣು ಕೆಟ್ಟಿತೇನೋ ಅಂದುಕೊಂಡಿದ್ದೆ. ಆಮೇಲೆ ಓದಿದೆ, ಇದು ಎಲ್ಲರ ಕಣ್ಣಿಗೂ ಆಗುವುದೇ. ಮಬ್ಬಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇದನ್ನು ಗುರುತಿಸಿದವನು ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ, ಹತ್ತೊಂಬತ್ತನೇ ಶತಮಾನದವನು. ಅಂದರೆ ಮುಸ್ಸಂಜೆಯಲ್ಲಿ ಅಮ್ಮ ಎಲ್ಲರಿಗೂ ಒಂದು ಅರ್ಧ ಗಂಟೆ ಮರೆಯಾಗುತ್ತಾಳೆ. ಅಜ್ಜಿ ಬಂದು ದೀಪ ಹಚ್ಚಿದ ಕೂಡಲೇ, ಆ ಎಣ್ಣೆದೀಪದ ಕೆಂಬೆಳಕಿಗೆ ಕಲ್ಲು ಧಗ್ ಅಂತ ಕೆಂಪಾಗಿ ಎದ್ದಿತು. ಮೈ ಜುಂ ಅಂದಿತು ನೋಡಿ. ಸಂಜೆ ದೀಪಕ್ಕೆ ಹೊತ್ತು ಯಾಕೆ ನೋಡುತ್ತಾರೆ ಅಂತ ನನಗೆ ಕಣ್ಣಿಂದಲೇ ಅರ್ಥವಾದದ್ದು ಅವತ್ತು.

ಆ ಸಂಜೆಯನ್ನೇ ಹಿಡಿದು ಮಾಡಿದ್ದು ನಾಲ್ಕನೇ ಚಿತ್ರ. ಲಾರಿ ಡ್ರೈವರ್ ನೋಡಿದ್ದು ಅದನ್ನೇ.

ಸಿಟ್ಟು ಇಳಿದ ಮೇಲೆ ಅವನ ಮಾತು ತಲೆಯಲ್ಲಿ ಕೊರೆಯತೊಡಗಿತು. ಮುಂದಿನ ವಾರ ಅವನು ಮತ್ತೆ ಬಂದಾಗ ನಾನೇ ಕೇಳಿದೆ, “ನಿನ್ನ ಜೊತೆ ಒಂದು ಸಲ ಗುಂಡ್ಯದ ತನಕ ಬರ್ಲಾ?” ಅರಕಲಗೂಡಿನ ಕಡೆಯವನು. ಹಾಸನದಿಂದ ಆಲೂಗಡ್ಡೆ ತುಂಬಿಕೊಂಡು ಮಂಗಳೂರಿಗೆ ಹೋಗಿ, ಅಲ್ಲಿಂದ ಗೊಬ್ಬರ ತರುವವನು. “ಹತ್ಕೊಳಿ, ಅದಕ್ಕೇನು” ಅಂದ.

ಇಳಿಯುವಾಗ ಗುಡಿ ಎಡಕ್ಕೆ ಬರುತ್ತದೆ. ಅಂದರೆ ಕ್ಲೀನರ್ ಬದಿ. ಲಾರಿ ನಿಧಾನವಾಗಿ ಅಂಚಿಗೆ ಸರಿದು ನಿಂತಿತು. ಕ್ಲೀನರ್ ಹುಡುಗ ಊದುಬತ್ತಿ ಹಿಡಿದು ಧುಮುಕಿದ. ಚಪ್ಪಲಿ ಬಿಟ್ಟ, ಬತ್ತಿ ಹಚ್ಚಿದ, ಗಂಟೆ ಹೊಡೆದ, ಬೆರಳಲ್ಲಿ ಕುಂಕುಮ ತಂದು ಸ್ಟೇರಿಂಗಿಗೆ, ಆಮೇಲೆ ಬಾನೆಟ್ಟಿಗೆ ಹಚ್ಚಿದ. ನಿಂಬೆಹಣ್ಣನ್ನು ಮುಂದಿನ ಗಾಲಿಯ ಕೆಳಗಿಟ್ಟ. ಇಷ್ಟೂ ಹೊತ್ತು ಡ್ರೈವರ್ ಮಾತಾಡಲಿಲ್ಲ. ಇಂಜಿನ್ ಆಫ್ ಮಾಡಿರಲಿಲ್ಲ. ಬ್ರೇಕಿನ ಮೇಲಿದ್ದ ಅವನ ಕಾಲನ್ನೇ ನೋಡುತ್ತಿದ್ದೆ. ಮುಂದಿರುವುದು ಪೂರ್ತಿ ಇಳಿಜಾರು. ನಾನೂ ಕೆಳಗಿಳಿದು ಗುಡಿಯ ಮುಂದೆ ನಿಂತೆ. ಹತ್ತಿರದಿಂದ ಎಲ್ಲ ಕಾಣುತ್ತಿತ್ತು, ಟೈಲ್ಸಿನ ಬಿರುಕು, ಹುಂಡಿಯ ಬೀಗ, ಕಲ್ಲಿನ ಮೇಲೆ ಬೆರಳಿನ ಗೆರೆ.

ವಾಪಸ್ ಬರುವಾಗ ರಾತ್ರಿ. ಮಳೆ. ಗುಂಡ್ಯದಲ್ಲಿ ಊಟ ಮಾಡಿಕೊಂಡು, ಅವನು ಮಂಗಳೂರಿನಿಂದ ಬರುವ ತನಕ ಕಾದು ಹತ್ತಿಕೊಂಡಿದ್ದೆ. ಗೊಬ್ಬರ ತುಂಬಿದ ಗಾಡಿ ಫಸ್ಟ್ ಗೇರ್‌ನಲ್ಲಿ ನರಳುತ್ತಾ ಹತ್ತುತ್ತಿತ್ತು. ಈಗ ಗುಡಿ ಬಲಕ್ಕೆ, ಡ್ರೈವರ್ ಬದಿ, ರಸ್ತೆಯ ಆಚೆ ಅಂಚಿನಲ್ಲಿ. ನಿಲ್ಲಿಸುತ್ತಾನೆ ಅಂದುಕೊಂಡೆ. “ಲೋಡ್ ಗಾಡಿ ಈ ಏರಲ್ಲಿ ನಿಲ್ಸಿದ್ರೆ ಆಮೇಲೆ ಎತ್ತೋದು ಯಾರಣ್ಣ?” ಅಂದ. ನಿಲ್ಲಿಸಲಿಲ್ಲ. ಎರಡು ಸಲ ಸಣ್ಣಗೆ ಹಾರ್ನ್ ಹೊಡೆದ. ಬಲಗೈ ಸ್ಟೇರಿಂಗ್ ಬಿಟ್ಟು ಹಣೆಗೆ, ಎದೆಗೆ ಹೋಗಿ ಬಂತು. ಒದ್ದೆ ಗಾಜಿನಾಚೆ ಒಂದು ದೀಪ, ಒಂದು ಕೆಂಪು ಚುಕ್ಕೆ. ವೈಪರ್ ಒಂದು ಸಲ ಹೋಗಿ ಬರುವಷ್ಟರಲ್ಲಿ ಹಿಂದೆ ಹೋಯಿತು. ಅವನು ದೊಡ್ಡ ಉಸಿರು ಬಿಟ್ಟು ಹೆಂಡತಿಗೆ ಫೋನ್ ಹಚ್ಚಿದ. “ಮೇಲೆ ಬಂದೆ ಕಣೆ. ಅನ್ನಕ್ಕಿಡು.”

ಇಳಿಯುವವನು ಕೇಳಿಕೊಳ್ಳುತ್ತಾನೆ. ಹತ್ತುವವನು ಬಂದೆ ಅಂತ ಹೇಳಿಹೋಗುತ್ತಾನೆ. ಕಲ್ಲು ಒಂದೇ.

ನನ್ನ ನಾಲ್ಕನೇ ಚಿತ್ರದ ತಪ್ಪು ಆಗ ಕಂಡಿತು. ನಾನು ಗುಡಿಯನ್ನು ದೂರದಲ್ಲಿಟ್ಟಿದ್ದೆ, ಹತ್ತುವವನ ದೂರ. ಆದರೆ ಬೀಗ, ಬಿರುಕು, ಗಂಟೆಯ ನಾಲಿಗೆ ಎಲ್ಲ ಬಿಡಿಸಿದ್ದೆ, ಇಳಿದು ಎದುರು ನಿಂತವನ ವಿವರ. ಕಣ್ಣಿನ ಮಟ್ಟವಂತೂ ಸ್ಟೂಲ್ ಮೇಲೆ ಕೂತ ಚಿತ್ರಗಾರನದು. ರಸ್ತೆಯಲ್ಲಿ ಹೋಗುವ ಯಾರ ಕಣ್ಣೂ ಅಷ್ಟು ಕೆಳಗಿರುವುದಿಲ್ಲ. ಆ ಜಾಗದಲ್ಲಿ ಹಾಗೆ ನೋಡುವವನು ನಾನೊಬ್ಬನೇ, ಅದೂ ರಸ್ತೆ ಮುಚ್ಚಿದ್ದಾಗ.

ಯುರೋಪಿನಲ್ಲೂ ದಾರಿಬದಿಯ ಶಿಲುಬೆ, ಬೆಟ್ಟದ ಮೇಲಿನ ಶಿಲುಬೆ ಬರೆದವರು ತುಂಬ ಜನ. ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೆಡ್ರಿಕ್ 1808ರಲ್ಲಿ ಬರೆದ ಒಂದು ಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ದೆ. ಬಂಡೆಯ ತುದಿಯಲ್ಲಿ ಶಿಲುಬೆ, ಸುತ್ತ ಫರ್ ಮರ. ಏಸು ನಮ್ಮ ಕಡೆ ನೋಡುತ್ತಿಲ್ಲ, ಆಚೆ ಮುಳುಗುವ ಸೂರ್ಯನ ಕಡೆ ತಿರುಗಿದ್ದಾನೆ. ಮೊದ ಮೊದಲು ಇದೇನು ಹೀಗೆ ಅನ್ನಿಸಿತ್ತು. ಈ ಲಾರಿ ಪ್ರಯಾಣ ಆದ ಮೇಲೆ ಮತ್ತೆ ತೆಗೆದು ನೋಡಿದೆ. ದೇವರು ಯಾವ ಕಡೆ ಮುಖ ಮಾಡಿದ್ದಾನೆ, ನಾವು ಯಾವ ಕಡೆಯಿಂದ ಬರುತ್ತಿದ್ದೇವೆ ಅನ್ನುವುದನ್ನು ಅವನು ಮೊದಲೇ ತೀರ್ಮಾನಿಸಿ ಬ್ರಷ್ ಎತ್ತಿದ್ದ. ನಾನು ಮರ ಯಾವ ಹಸಿರು ಅಂತ ಯೋಚಿಸುತ್ತಾ ಕೂತಿದ್ದೆ.

ಹಾಗಾಗಿ ಆಮೇಲೆ ಮಾಡಿದ್ದು ಎರಡು ಚಿತ್ರ. ಎರಡೂ 11 ಇಂಚು ಅಗಲ, 15 ಇಂಚು ಉದ್ದ.

‘ಹತ್ತೋದು’ ಮೂರು ದಿನದಲ್ಲಿ ಮುಗಿಯಿತು. ಕಣ್ಣಿನ ಮಟ್ಟವನ್ನು ಕ್ಯಾಬಿನ್ನಿನ ಎತ್ತರಕ್ಕೆ ಏರಿಸಿದೆ. ಹಾಳೆಯ ಮುಕ್ಕಾಲು ಭಾಗ ಒದ್ದೆ ರಸ್ತೆ, ಮಂಜು. ಬಲಗಡೆ ಒಂದು ಕೆಂಪು ಚುಕ್ಕೆ, ಅದರ ಕೆಳಗೆ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದ ದೀಪದ ನೆರಳು. ಆ ನೆರಳಿಗೆ ಮೊದಲೇ ಮೇಣದಬತ್ತಿಯಿಂದ ಗೀಚಿದ್ದೆ, ಮೇಣ ಹತ್ತಿದ ಕಡೆ ಬಣ್ಣ ಹಿಡಿಯುವುದಿಲ್ಲ, ನೀರಿನ ಮೇಲೆ ಬೆಳಕು ಒಡೆದ ಹಾಗೆ ಕಾಣುತ್ತದೆ. ಗುಡಿ ಅಂತ ಗುರುತಿಸುವ ಒಂದು ಗೆರೆಯೂ ಇಲ್ಲ. ಅದು ಏನೆಂದು ಗೊತ್ತಿದ್ದವನಿಗೆ ಮಾತ್ರ ಗೊತ್ತು.

‘ಇಳಿಯೋದು’ ಎರಡು ತಿಂಗಳು ತಿಂದಿತು. ಗುಡಿ ಎಡಕ್ಕೆ, ಹತ್ತಿರ, ದೊಡ್ಡದಾಗಿ. ಟೈಲ್ಸೂ ಇರಲಿ ಅಂತ ಬಿಟ್ಟೆ. ಬಿಳಿ ಟೈಲ್ಸಿನ ಮೇಲೆ ಲಾರಿಯ ಕೆಂಪು ಲೈಟಿನ ಛಾಯೆ ಒಂದಿಷ್ಟು. ಬಲಕ್ಕೆ ರಸ್ತೆ ತಿರುಗಿ ಕೆಳಗೆ ಮಂಜಿನೊಳಗೆ ಹೋಗುತ್ತದೆ, ಮುಂದೇನಿದೆ ಕಾಣುವುದಿಲ್ಲ. ಎಲ್ಲ ಸರಿಯಿತ್ತು. ಆದರೂ ಕೇಳಿಕೊಳ್ಳುವ ಮನುಷ್ಯ ಇರಲಿಲ್ಲ. ಕ್ಲೀನರ್ ಹುಡುಗನನ್ನು ಬರೆದು ನೋಡಿದೆ. ಕೈಮುಗಿದು ನಿಂತ ಬೆನ್ನು. ಕ್ಯಾಲೆಂಡರ್ ಚಿತ್ರವಾಯಿತು. ಸ್ಪಂಜಿನಲ್ಲಿ ಎತ್ತಿ ಒರೆಸಿದೆ, ಕಾಗದದ ಮೈ ಎದ್ದಿತು, ಇನ್ನೊಂದು ಹಾಳೆ ತೆಗೆದು ಮೊದಲಿಂದ. ಕೊನೆಗೆ ಗುಡಿಯ ಮುಂದೆ, ರಸ್ತೆಯಂಚಿನಲ್ಲಿ, ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಬರೆದೆ. ಒಂದು ಸ್ವಲ್ಪ ಸೊಟ್ಟಗೆ ಬಿದ್ದದ್ದು, ಅವಸರದಲ್ಲಿ ಬಿಟ್ಟ ಹಾಗೆ. ಅಲ್ಲಿಗೆ ಬ್ರಷ್ ತೊಳೆದಿಟ್ಟೆ.

ಡಬ್ಬಿ ಹಿಡಿದು ನಿಂತಿದ್ದ ಹುಡುಗನೂ ನೀಲಿ ಚಪ್ಪಲಿಯನ್ನೇ ಹಾಕುತ್ತಿದ್ದನೋ ಏನೋ, ನೆನಪಿಲ್ಲ. ಅವನ ಕೈ ಮಾತ್ರ ನೆನಪಿದೆ, ಹಳದಿ ಬಣ್ಣ ಮೆತ್ತಿದ್ದು.

ಅರಕಲಗೂಡಿನವನು ಎರಡನ್ನೂ ನೋಡಿ ‘ಹತ್ತೋದು’ ಕೈಗೆತ್ತಿಕೊಂಡ. “ಇದು ಮನೇಲಿ ಹಾಕೋ ಚಿತ್ರ. ಅವಳು ನೋಡ್ಲಿ. ಇನ್ನೊಂದು ಬೇಡಣ್ಣ, ಅದನ್ನ ನಾನು ವಾರಕ್ಕೆ ಮೂರು ಸಲ ನೋಡ್ತೀನಿ.” ದುಡ್ಡು ಅರ್ಧ ಕೊಟ್ಟ, ಉಳಿದದ್ದಕ್ಕೆ ಒಂದು ಮೂಟೆ ಆಲೂಗಡ್ಡೆ ಇಳಿಸಿ ಹೋದ. ನನಗೆ ಎಲ್ಲ ಬಗೆಹರಿದ ಹಾಗೆ ಅನ್ನಿಸಿತು. ಇಳಿಯೋದು ಅಂದರೆ ಭಯ, ಹತ್ತೋದು ಅಂದರೆ ಸಮಾಧಾನ. ಹಾಗಂತ ಒಂದಿಬ್ಬರಿಗೆ ಹೇಳಿಕೊಂಡೂ ತಿರುಗಿದೆ.

ಒಂದು ತಿಂಗಳು ಹೋಗಿರಲಿಲ್ಲ. ಉಪ್ಪಿನಂಗಡಿಯ ಡ್ರೈವರ್ ಒಬ್ಬರು ಗಾಡಿ ಹಿಂದೆ ಹೆಸರು ಬರೆಸಲು ಬಂದರು. ವಯಸ್ಸಾದವರು. ಗೋಡೆಯ ಮೇಲಿದ್ದ ‘ಇಳಿಯೋದು’ ಚಿತ್ರದ ಮುಂದೆ ನಿಂತುಬಿಟ್ಟರು. “ಇದು ಊರಿಗೆ ಹೋಗುವಾಗಿನದ್ದಲ್ವಾ?” ಅಂದರು. ಅವರ ಮುಖ ಸಡಿಲವಾಗಿತ್ತು. ಬೆಂಗಳೂರು ಟ್ರಿಪ್ ಮುಗಿಸಿ ಈ ಗುಡಿಯ ಹತ್ತಿರ ಬಂದರೆ ಅವರಿಗೆ ಮನೆ ಬಂದ ಹಾಗೆ. ಇನ್ನು ಸೆಕೆ ಶುರು, ಕುಚ್ಚಲಕ್ಕಿ ಗಂಜಿ ಸಿಗುತ್ತದೆ. ನಾನು ಭಯ ಅಂತ ಬರೆದದ್ದು ಅವರಿಗೆ ನೆಮ್ಮದಿಯಾಗಿ ಕಂಡಿತ್ತು. ಚಪ್ಪಲಿ ನೋಡಿ ನಕ್ಕರು. “ಕ್ಲೀನರ್ ಒಳಗೆ ಎಂತ ಮಾಡ್ತಿದ್ದಾನೆ ಇಷ್ಟು ಹೊತ್ತು? ಬಾ ಮಾರಾಯ ಅಂತ ಹೇಳಿ ಅವನಿಗೆ.”

ನಾನು ಏನೂ ಹೇಳಲಿಲ್ಲ. ಚಿತ್ರ ಅವರಿಗೆ ಕೊಟ್ಟೆ. ದರ ಸ್ವಲ್ಪ ಜಾಸ್ತಿಯೇ ಹೇಳಿದ್ದೆ, ಚೌಕಾಸಿ ಮಾಡದೆ ಕೊಟ್ಟರು. ಲಾರಿಯ ಹಿಂದೆ ಅವರ ಮಗಳ ಹೆಸರು ಬರೆದೆ, ದುಡ್ಡು ಬೇಡ ಅಂದೆ.

ಮೊನ್ನೆ ಸ್ಕೂಟರ್‌ನಲ್ಲಿ ಗುಡಿ ಕಡೆ ಹೋಗಿದ್ದಾಗ ಅಜ್ಜಿ ಸಿಕ್ಕಿತು. ಮೇಲಿನ ಕಾಫಿ ತೋಟದ ಲೈನ್ ಮನೆಯಲ್ಲಿರುವ ಅಜ್ಜಿ. ಮೊಬೈಲಿನಲ್ಲಿ ಎರಡೂ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿತು. “ಇದ್ಯಾವ ಗುಡಿ ಮಗಾ?”

“ಇದೇ ಅಜ್ಜಿ. ನಿಮ್ಮ ಚೌಡಮ್ಮಂದು.”

“ಹಿಂಗಿಲ್ವಲ್ಲ” ಅಂದಿತು. ಬಸರಿ ಮರದ ಹಿಂದೆ ಕೈ ತೋರಿಸಿತು. ಅಲ್ಲೊಂದು ಕಾಲುದಾರಿ ಇದೆ, ತೋಟದ ಬೇಲಿ ಸಂದಿಯಿಂದ ಇಳಿದು ಬರುತ್ತದೆ, ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅಜ್ಜಿ ಅಲ್ಲಿಂದ ಬರುವುದು, ಅಲ್ಲಿಂದಲೇ ಹೋಗುವುದು. ಹೆದ್ದಾರಿಗೆ ಕಾಲಿಟ್ಟದ್ದು ಕಮ್ಮಿಯಂತೆ. ನಾನು ಆ ದಾರಿ ಹತ್ತಿ ಹೋಗಿ ತಿರುಗಿ ನೋಡಿದೆ. ಗುಡಿಯ ಬೆನ್ನು ಕಾಣುತ್ತಿತ್ತು. ಪಾಚಿ ಹಿಡಿದ ಗೋಡೆ, ಟೈಲ್ಸ್ ಇಲ್ಲ, ತಗಡಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಗೋಡೆಯ ಬಿರುಕಿನಲ್ಲಿ ದೀಪದ ಬೆಳಕು ಒಂದು ಗೆರೆಯಷ್ಟು. ಅದರಾಚೆ ರಸ್ತೆಯ ಮೇಲೆ ಗಾಡಿಗಳು ಎರಡೂ ಕಡೆಯಿಂದ ಬರುತ್ತಿದ್ದವು.

ಜೇಬಿನಲ್ಲಿ ಪೆನ್ಸಿಲ್ ಇತ್ತು, ಕಾಗದ ಇರಲಿಲ್ಲ. ಪೆಟ್ರೋಲ್ ಬಂಕಿನ ರಸೀದಿಯ ಹಿಂದೆ ನಾಲ್ಕು ಗೆರೆ ಹಾಕಿಕೊಂಡು ಬಂದಿದ್ದೇನೆ. ಮಳೆ ಬಿಟ್ಟ ಮೇಲೆ ಶುರು ಮಾಡಬೇಕು.